ಹೂಗಾರ ಓಣಿಗೆ ಹಂಚಿಹೋದ ಮುಪ್ಪು

ಮನುಷ್ಯನ ಮೈಯಿಂದ ಮುಪ್ಪನ್ನು ತೆಗೆದು ಚೀಸಿನೊಳಗೆ ತುಂಬಿಡಬಹುದು ಎಂದು ಕಂಡುಹಿಡಿದವರು ಮದಾಮ್ ಒದಿಲ್ ಬೆರ್ಜರೋ. ಅವರನ್ನು ವಿಜ್ಞಾನಿ ಅನ್ನುವುದಕ್ಕಿಂತ ಚೀಸು ಬಡಿಯುವವರು ಅನ್ನುವುದೇ ಹೆಚ್ಚು ಸರಿ. ಪೂರ್ವ ಫ್ರಾನ್ಸಿನ ಗುಡ್ಡಗಾಡಿನ ಅವರ ಊರಿನಲ್ಲಿ ಗಾಡಿಗಾಲಿಯಷ್ಟು ದೊಡ್ಡ ಚೀಸುಗಳನ್ನು ನೆಲಮಾಳಿಗೆಯಲ್ಲಿಟ್ಟು ಎರಡು ಮೂರು ವರ್ಷ ಹಣ್ಣಾಗಲು ಬಿಡುತ್ತಾರೆ. ದಿನಕ್ಕೊಮ್ಮೆ ಯಾರಾದರೂ ಇಳಿದುಹೋಗಿ ಒಂದೊಂದರ ಬೆನ್ನಿಗೂ ಪುಟ್ಟ ಸುತ್ತಿಗೆಯಿಂದ ಬಡಿದು, ಸಪ್ಪಳ ಕೇಳಿ, ಇದು ಬಲಿತಿದೆ, ಇದು ಇನ್ನೂ ಎಳೆಯದು ಎಂದು ಹೇಳಬೇಕು. ಐವತ್ತು ವರ್ಷ ಇದೇ ಕೆಲಸ ಮಾಡಿದ ಒದಿಲ್ ಅವರಿಗೆ ಒಂದು ಬೆಳಿಗ್ಗೆ ತಮ್ಮ ಸೊಂಟ ಮೂರು ವರ್ಷದ ಚೀಸಿನ ಸಪ್ಪಳವನ್ನೇ ಮಾಡುತ್ತಿದೆ ಅನ್ನಿಸಿತು. ಬೇರೆಯವರಾಗಿದ್ದರೆ ಮುಲಾಮು ಹಚ್ಚಿಕೊಂಡು ಸುಮ್ಮನಾಗುತ್ತಿದ್ದರು. ಇವರು ಹನ್ನೆರಡು ವರ್ಷ ಸಂಶೋಧನೆ ಮಾಡಿದರು.

ಅವರು ಕಂಡುಕೊಂಡದ್ದು ಇಷ್ಟು. ವಯಸ್ಸಾಗುತ್ತಾ ಹೋದಂತೆ ನಮ್ಮ ಜೀವಕೋಶಗಳ ಮೇಲೆ ಸಣ್ಣಸಣ್ಣ ರಾಸಾಯನಿಕ ಗುರುತುಗಳು ಅಂಟಿಕೊಳ್ಳುತ್ತವೆ. ಸರಿಯಾದ ಲಯದಲ್ಲಿ ಬಡಿದರೆ ಅವು ಸಡಿಲಗೊಂಡು ಕಳಚುತ್ತವೆ. ಕಳಚಿದ್ದು ನಾಶವಾಗುವುದಿಲ್ಲ, ಪಕ್ಕದಲ್ಲಿ ಹಾಲಿನ ಪದಾರ್ಥವಿದ್ದರೆ ಅದರ ಪ್ರೋಟೀನಿನ ಮಡಿಕೆಗಳೊಳಗೆ ಹೋಗಿ ಕುಳಿತುಕೊಳ್ಳುತ್ತದೆ. ಆ ಪದಾರ್ಥವನ್ನು ಯಾರು ತಿನ್ನುತ್ತಾರೋ, ಅದು ಜೀರ್ಣವಾಗುವಷ್ಟರಲ್ಲಿ ಆ ವರ್ಷಗಳು ಅವರವು.

ಯಂತ್ರ ಸಿದ್ಧವಾದಾಗ ಒದಿಲ್ ಅವರ ಊರಿನ ಮುದುಕರೆಲ್ಲ ಸಾಲಾಗಿ ಕುಳಿತು ಮೂವತ್ತಕ್ಕೆ ಇಳಿದರು. ಮೂರು ತಿಂಗಳು ಊರಿಗೆ ಊರೇ ಕುಣಿಯಿತು. ಆಮೇಲೆ ಪಿಂಚಣಿ ಕಚೇರಿಯಿಂದ ಕಾಗದ ಬಂತು: ಮೂವತ್ತರ ಮೈಯಿರುವವರಿಗೆ ನಿವೃತ್ತಿಯಿಲ್ಲ, ಸೋಮವಾರದಿಂದ ಕೆಲಸಕ್ಕೆ ಬರತಕ್ಕದ್ದು. ಫ್ರೆಂಚರಿಗೆ ಏನು ಬೇಕಾದರೂ ಹೇಳಬಹುದು, ಇದೊಂದನ್ನು ಹೇಳಬಾರದು. 'ನಮ್ಮ ಮುಪ್ಪು ನಮ್ಮ ಹಕ್ಕು' ಎಂಬ ಫಲಕ ಹಿಡಿದು ಎರಡು ದಿನ ಮೆರವಣಿಗೆ ಮಾಡಿದರು. ಮೂರನೆಯ ದಿನ ಬ್ರೆಡ್ಡು ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು, ತಂತಮ್ಮ ಚೀಸನ್ನು ತಾವೇ ತಿಂದು, ಸಂಜೆಯೊಳಗೆ ಕೆಮ್ಮುತ್ತಾ ಮೇಲೆ ಬಂದರು. ಒದಿಲ್ ಯಂತ್ರವನ್ನು ಪೆಟ್ಟಿಗೆಗೆ ತುಂಬಿದರು. ಹಾಲು ಗೊತ್ತಿರುವ, ಹಟ ಕಡಿಮೆ ಇರುವ ಊರು ಯಾವುದಿದೆ ಎಂದು ವಿಚಾರಿಸಿ ಧಾರವಾಡಕ್ಕೆ ಬಂದರು. ಎರಡನೆಯ ವಿಷಯದಲ್ಲಿ ಅವರಿಗೆ ಯಾರೋ ತಪ್ಪು ಮಾಹಿತಿ ಕೊಟ್ಟಿದ್ದರು.

ಊರ ಹೊರಗಿನ ಕ್ಷೀರ ಪ್ರಯೋಗಾಲಯದವರು ಅವರಿಗೆ ಒಂದು ಕೋಣೆ ಕೊಟ್ಟರು, ಸಹಾಯಕ್ಕೆ ಗುರುಪಾದಪ್ಪ ಸಂಕದ ಅವರನ್ನು ಕರೆಸಿದರು. ಗುರುಪಾದಪ್ಪನವರಿಗೆ ಆಗ ಎಪ್ಪತ್ತಮೂರು. ಮೂವತ್ತೆಂಟು ವರ್ಷ ಅದೇ ಪ್ರಯೋಗಾಲಯದಲ್ಲಿ ಹಾಲು ಪರೀಕ್ಷೆ ಮಾಡಿ ನಿವೃತ್ತರಾದವರು. ಬೆರಳು ಅದ್ದಿ, ಹನಿ ಬೀಳುವುದನ್ನು ನೋಡಿಯೇ ನೀರು ಎಷ್ಟು ಬೆರೆಸಿದ್ದಾರೆ ಎಂದು ಹೇಳಬಲ್ಲವರು. ಅವರ ಮನೆಯಿದ್ದ ಹೂಗಾರ ಓಣಿಯ ಹಾಲಿನವನಿಗೆ ಜಗತ್ತಿನಲ್ಲಿ ಭಯವಿದ್ದದ್ದು ಆ ಒಂದು ಬೆರಳಿಗೆ ಮಾತ್ರ.

ಒದಿಲ್ ಅವರು ಕನ್ನಡ ಕಲಿತದ್ದು ನೂರು ವರ್ಷದ ಹಿಂದೆ ಅಚ್ಚಾದ ಒಂದು ಪಾಠಪುಸ್ತಕದಿಂದ. ಹಾಗಾಗಿ ಅವರೊಡನೆ ಮಾತಾಡುವಾಗ ಯಾವುದೋ ತಾಮ್ರಶಾಸನದ ಮುಂದೆ ನಿಂತಂತಾಗುತ್ತಿತ್ತು.

"ಮಾನ್ಯರೇ, ಪ್ರಥಮ ಪ್ರಯೋಗಕ್ಕೆ ತಾವೇ ಆಸೀನರಾಗುವಿರಾ?" ಎಂದು ಅವರು ಒಂದು ದಿನ ಕೇಳಿದರು.

"ಕೂಡ್ತೀನ್ರಿ. ಆದ್ರ ನಿಮಗ ಎಪ್ಪತ್ತೆಂಟು ಅಂತೀರಿ, ನೀವ್ಯಾಕ ಕುಂತಿಲ್ಲ?"

"ಈ ವಯಸ್ಸನ್ನು ಗಳಿಸಲು ನನಗೆ ಎಪ್ಪತ್ತೆಂಟು ವರ್ಷಗಳು ಹಿಡಿದವು. ಅದನ್ನು ಒಂದು ಚೀಸಿಗೆ ಕೊಡಲೇ?"

ಗುರುಪಾದಪ್ಪನವರು ನಕ್ಕು ಅಂಗಿ ಬಿಚ್ಚಿ ಕುಳಿತರು. ಅವರ ಆಸೆ ದೊಡ್ಡದೇನಲ್ಲ. ಹದಿನೈದು ವರ್ಷದಿಂದ ಡಾಕ್ಟರು ಮಿರ್ಚಿ ಭಜಿ ನಿಲ್ಲಿಸಿದ್ದರು. ಒಂದು ಪ್ಲೇಟು ಭಜಿ ತಿಂದು ಆಮೇಲೆ ಅದನ್ನು ಮರೆತುಬಿಡುವಂಥ ಹೊಟ್ಟೆ ಬೇಕಿತ್ತು, ಅಷ್ಟೆ. ಯಂತ್ರದ ಮರದ ಸುತ್ತಿಗೆಗಳು ಬೆನ್ನಮೇಲೆ ಟಕಟಕ ಬಡಿಯತೊಡಗಿದವು. ಪಕ್ಕದ ಮೇಜಿನ ಮೇಲಿದ್ದ ಬಿಳಿ ಚೀಸು ನಿಧಾನಕ್ಕೆ ಹಳದಿಯಾಗಿ, ಕಂದಾಗಿ, ಮೈಮೇಲೆ ಸುಕ್ಕು ಮೂಡಿಸಿಕೊಂಡಿತು. ಒಂದು ತಾಸಾದ ಮೇಲೆ ಒದಿಲ್ ತಮ್ಮ ಪುಟ್ಟ ಸುತ್ತಿಗೆಯಿಂದ ಅದನ್ನು ಬಡಿದು ಕಿವಿಗೊಟ್ಟರು.

"ಮೂವತ್ತೊಂದು ಸಂವತ್ಸರಗಳು. ಈಗ ತಮಗೆ ನಲವತ್ತೆರಡು. ಈ ಚೀಸು ತಮ್ಮ ಸ್ವತ್ತು, ಮನೆಗೆ ಒಯ್ಯಿರಿ. ಬೇಡವೆನಿಸಿದ ದಿನ ತಾವೇ ಭಕ್ಷಿಸಬೇಕು. ಅನ್ಯರು ಭಕ್ಷಿಸತಕ್ಕದ್ದಲ್ಲ."

ಗುರುಪಾದಪ್ಪನವರು ಚೀಸನ್ನು ರಿಕ್ಷಾದಲ್ಲಿ ಮನೆಗೆ ತಂದು ಅಡುಗೆಮನೆಯ ಮೂಲೆಯಲ್ಲಿಟ್ಟರು. ಅದು ಏನು ಎಂದು ಹೆಂಡತಿಗೆ ಹೇಳಲಿಲ್ಲ. ಲಗ್ನವಾಗಿ ನಲವತ್ತೇಳು ವರ್ಷವಾದರೂ ಪ್ರಯೋಗಾಲಯದ ವಿಷಯ ಮನೆಯಲ್ಲಿ ಹೇಳುವ ರೂಢಿ ಅವರಿಗಿರಲಿಲ್ಲ. ಆ ತಪ್ಪಿಗೆ ಮುಂದೆ ಇಡೀ ಓಣಿ ಸೀನಬೇಕಾಯಿತು.

ಹೆಂಡತಿ ನೀಲವ್ವನವರಿಗೆ ಅರವತ್ತೊಂಬತ್ತು. ಅವರು ಬಾಗಿಲಲ್ಲಿ ನಿಂತ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಮೀಸಿ ಕಪ್ಪ ಆಗ್ಯಾವು. ಒಳಗ ಬರ್ರಿ, ಚಹಾ ಆರ್ತೈತಿ" ಅಂದರು. ಅಷ್ಟೇ.

ಮೊದಲ ತಿಂಗಳು ಗುರುಪಾದಪ್ಪನವರು ನೆಲದ ಮೇಲೆ ನಿಲ್ಲಲಿಲ್ಲ. ಒಂದೇ ಸಂಜೆ ಆರು ಮಿರ್ಚಿ, ಎರಡು ಪ್ಲೇಟು ಗಿರ್ಮಿಟ್ಟು ಹೊಡೆದರು. ಸೈಕಲ್ಲು ತೆಗೆದುಕೊಂಡು ದಿಬ್ಬ ಹತ್ತಿದರು, ಇಳಿದರು, ಬೇರೆ ಕೆಲಸವಿಲ್ಲದೆ ಮತ್ತೆ ಹತ್ತಿದರು. ಮಗಳು ದಾಕ್ಷಾಯಿಣಿ ಎರಡು ಓಣಿ ಆಚೆ ಖಾನಾವಳಿ ನಡೆಸುತ್ತಿದ್ದಳು, ಆಕೆಗೆ ನಲವತ್ತೈದು. ತನಗಿಂತ ಮೂರು ವರ್ಷ ಚಿಕ್ಕವನಾದ ತಂದೆಯನ್ನು ಕಂಡು ಆಕೆ ಬಡಿಸುವುದನ್ನು ನಿಲ್ಲಿಸಿದಳು. "ಅಪ್ಪಾ ಅಂತ ಕರೀಬೇಕೋ, ಊಟಕ್ಕ ಕೂಡಪಾ ತಮ್ಮಾ ಅನ್ನಬೇಕೋ ತಿಳಿವಲ್ದು" ಅಂದಳು. ಹಾಲಿನವನು ಮಾತ್ರ ಬಹಳ ಬೇಗ ಒಂದು ವಿಷಯ ಪತ್ತೆಹಚ್ಚಿದ. ಮೂವತ್ತೊಂದು ವರ್ಷದ ಜೊತೆಗೆ ಆ ವರ್ಷಗಳ ಅಭ್ಯಾಸವೂ ಹೋಗಿತ್ತು, ಬೆರಳಿನ ಪಳಗಿಕೆ ಹೋಗಿತ್ತು. ಸಂಕದರ ಮನೆಯ ಹಾಲು ದಿನದಿಂದ ದಿನಕ್ಕೆ ತಿಳಿಯಾಯಿತು.

"ನೀನೂ ಬಂದು ಕುಂದ್ರು," ಎಂದು ಅವರು ಹೆಂಡತಿಯನ್ನು ಕರೆದರು. "ಒಂದ್ ತಾಸಿನ ಕೆಲಸ. ನೀನೂ ನಲವತ್ತೆರಡು ಆಗ್ತೀ."

"ಒಲ್ಲೆ."

"ಯಾಕ?"

ನೀಲವ್ವ ಕಾಯಿಪಲ್ಲೆ ಸೋಸುತ್ತಾ ಹೇಳಿದರು: "ನಲವತ್ತೆರಡಕ್ಕ ನಿಮ್ಮ ಅವ್ವ ಹಾಸಿಗಿ ಹಿಡಿದಿದ್ರು. ದಾಕ್ಷಾಯಿಣಿದು ಪಿಯುಸಿ ಪರೀಕ್ಷಾ. ನಳಕ್ಕ ನೀರು ಮುಂಜಾನೆ ನಾಕಕ್ಕ ಬರ್ತಿತ್ತು. ಮತ್ತ ಅಲ್ಲಿಗೆ ಯಾಕ ಕಳಸ್ತೀರಿ ನನ್ನ? ಕುಂತು ಚಹಾ ಕುಡಿಯೋದು ನನಗ ಗೊತ್ತಾಗಿದ್ದ ಅರವತ್ತ ಆದಮ್ಯಾಲ."

ಗುರುಪಾದಪ್ಪನವರು ಸೈಕಲ್ಲು ತೆಗೆದುಕೊಂಡು ಹೊರಟುಹೋದರು. ಅವರ ನಲವತ್ತೆರಡರಲ್ಲಿ ನಳವೇ ಇರಲಿಲ್ಲ, ಬರೀ ಕಾಯಿಸಿಟ್ಟ ಬಿಸಿನೀರು ಇತ್ತು.

ಎರಡನೆಯ ತಿಂಗಳು ಒಂದು ಮದುವೆಗೆ ಇಬ್ಬರೂ ಹೋದರು. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತ ಹೆಂಗಸು ನೀಲವ್ವನವರನ್ನು ಮಾತಿಗೆಳೆದಳು. ಗುರುಪಾದಪ್ಪನವರತ್ತ ಕಣ್ಣು ಮಾಡಿ, "ನಿಮ್ಮ ಮಗ ಏನ್ ಮಾಡ್ತಾನ್ರಿ?" ಎಂದು ಕೇಳಿದಳು.

"ಹಾಲಿನ ಪ್ರಯೋಗಾಲಯದಾಗ ಇದ್ದಾನ್ರಿ," ಅಂದರು ನೀಲವ್ವ, ಹೋಳಿಗೆ ಮುರಿಯುತ್ತಾ.

ಗುರುಪಾದಪ್ಪನವರು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದರು. ಹೊರಗೆ ಬಂದ ಮೇಲೆ, "ಗಂಡ ಅಂತ ಯಾಕ ಹೇಳಲಿಲ್ಲ?" ಎಂದು ಕೇಳಿದರು.

"ಹೇಳಿದ್ರ ನಂಬ್ತಿದ್ಲೇನು? ಆಕಿಗೂ ತ್ರಾಸ, ನನಗೂ ತ್ರಾಸ." ನಾಲ್ಕು ಹೆಜ್ಜೆ ನಡೆದು ಮತ್ತೆ ಅಂದರು: "ಸಿಟ್ಟೇನಿಲ್ರಿ ನನಗ. ಖರೆ ಹೇಳಬೇಕಂದ್ರ, ಮನ್ಯಾಗ ಒಬ್ಬಾಕಿನ ಇದ್ದಂಗ ಅನಿಸ್ತೈತಿ. ಮೊದಲು ಇಬ್ಬರಿಗೂ ಒಂದ ಸಾರು ಸಾಕಾಗ್ತಿತ್ತು."

ಆ ಮಾತು ಗುರುಪಾದಪ್ಪನವರಿಗೆ ಸರಿಯಾಗಿ ತಾಗಿತು. ಹೊಟ್ಟೆ ಗಟ್ಟಿಯಾಗಿತ್ತು, ಕಾಲು ಗಟ್ಟಿಯಾಗಿತ್ತು, ಆದರೆ ಮಧ್ಯಾಹ್ನ ಪಡಸಾಲೆಯಲ್ಲಿ ಎದುರುಬದುರು ಕುಳಿತು ಏನೂ ಮಾತಾಡದೆ ತಾಸುಗಟ್ಟಲೆ ಕಳೆಯುವ ಸುಖ ಅವರಿಗೂ ತಪ್ಪಿಹೋಗಿತ್ತು. ನಲವತ್ತೆರಡರ ಮೈ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಲು ಬಿಡುತ್ತಿರಲಿಲ್ಲ. ಹೆಂಡತಿಯನ್ನು ಮುದುಕಿಯಾಗಲು ಒಬ್ಬಳನ್ನೇ ಬಿಟ್ಟು ತಾನು ಸೈಕಲ್ಲು ಹೊಡೆಯುತ್ತಿದ್ದೇನೆ ಎಂದು ಅವರಿಗೆ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆಯೇ ಪ್ರಯೋಗಾಲಯಕ್ಕೆ ಹೋಗಿ, "ನನ್ನ ಚೀಸು ನಾನು ತಿಂದ್ಬಿಡ್ತೀನ್ರಿ, ಮದಾಮ್" ಅಂದರು. ಒದಿಲ್ ಆಶ್ಚರ್ಯಪಡಲಿಲ್ಲ. "ನಮ್ಮ ಊರಿನಲ್ಲಿಯೂ ಇದೇ ಆಯಿತು. ಬ್ರೆಡ್ಡಿನೊಡನೆ ಭಕ್ಷಿಸಿರಿ," ಎಂದರು.

ಬ್ರೆಡ್ಡು ಕೊಂಡುಕೊಂಡು ಮಧ್ಯಾಹ್ನ ಮನೆಗೆ ಬಂದರೆ ಅಡುಗೆಮನೆಯ ಮೂಲೆ ಖಾಲಿ. ಮನೆಯೆಲ್ಲ ಏಲಕ್ಕಿ ವಾಸನೆ.

"ಇಲ್ಲೊಂದು ಗಾಲಿಯಂಥಾದ್ದು ಇತ್ತಲ್ಲ?"

"ಆ ವಾಸನಿದೇನ್ರಿ? ಎರಡು ತಿಂಗಳ ತಡಕೊಂಡೆ. ಬಿಸಲಿಗೆ ಬೆವರು ಬಿಟ್ಟಿತ್ತು. ಅಷ್ಟು ಹಾಲಿಂದು ಕೆಡಿಸಾಕ ಮನಸು ಬರಲಿಲ್ಲ, ಕಡಾಯಿಗೆ ಹಾಕಿ ಸಕ್ಕರಿ ಸುರುವಿ ಕುಂದಾ ಮಾಡಿದೆ. ಮೂರು ತಾಸು ತಿರುವೀನಿ. ಭಾಳ ಚಲೋ ಆತು ಅಂದ್ರು ಎಲ್ಲಾರೂ."

"ಎಲ್ಲಾರೂ ಅಂದ್ರ?"

"ಓಣಿಯವರ್ರಿ. ಸಿಹಿ ಮಾಡಿ ಮನ್ಯಾಗ ಮುಚ್ಚಿಟಗೊಂಡು ತಿನ್ನಾಕ ಬರ್ತೈತೇನು? ಮನಿಗೊಂದು ಬಟ್ಟಲ ಕಳಿಸಿದೆ. ನೂರಾ ಇಪ್ಪತ್ತು ಮನಿ. ನನಗಂತೂ ಸಕ್ಕರಿ ಕಾಯಿಲೆ, ಒಂದ್ ಚೂರೂ ಮುಟ್ಟಿಲ್ಲ. ನಿಮಗ ಇಡಾಕ ಉಳೀಲಿಲ್ಲ."

ಗುರುಪಾದಪ್ಪನವರು ಬ್ರೆಡ್ಡು ಹಿಡಿದುಕೊಂಡೇ ಕುಳಿತುಬಿಟ್ಟರು. ಮೂವತ್ತೊಂದು ವರ್ಷ, ನೂರಾ ಇಪ್ಪತ್ತು ಮನೆ. ಮನೆಗೆ ಮೂರು ತಿಂಗಳ ಮುಪ್ಪು, ಏಲಕ್ಕಿ ಹಾಕಿದ್ದು. ಆಗ ಅವರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಪ್ರಯೋಗಾಲಯದ ವಿಷಯವನ್ನು ಮನೆಯಲ್ಲಿ ಹೇಳಿದ್ದು ಅದೇ ಮೊದಲು. ನೀಲವ್ವ ಬಾಯಿಮೇಲೆ ಕೈಯಿಟ್ಟುಕೊಂಡು ಕೇಳಿ, "ಮೊದಲ ಹೇಳಿದ್ರ ಕಪಾಟಿನ್ಯಾಗ ಇಡ್ತಿದ್ದೆ" ಅಂದರು.

ಆ ದಿನ ಸಂಜೆ ನಾಲ್ಕಕ್ಕೆ ಸರಿಯಾಗಿ ಹೂಗಾರ ಓಣಿ ಒಟ್ಟಿಗೆ ಸೀನಿತು. ನಾಲ್ಕಕ್ಕೆ ಏಳು ಸಲ ಸೀನುವುದು ಗುರುಪಾದಪ್ಪನವರ ಹಳೆಯ ಚಾಳಿ. ಈಗ ಅವರನ್ನು ಬಿಟ್ಟು ಕುಂದಾ ತಿಂದವರೆಲ್ಲ ಸೀನಿದರು. ಮರುದಿನ ಬೆಳಿಗ್ಗೆ ಹಾಲಿನವನು ಬಂದಾಗ ಮೊದಲ ಮನೆಯಾಕೆ ಕ್ಯಾನಿನಲ್ಲಿ ಬೆರಳದ್ದಿ, ಹನಿ ಬೀಳುವುದನ್ನು ನೋಡಿ, "ಕಾಲು ಭಾಗ ನೀರೈತಿ" ಅಂದಳು. ಎರಡನೆಯ ಮನೆಯಲ್ಲೂ ಅದೇ ಬೆರಳು, ಅದೇ ಮಾತು. ಹನ್ನೊಂದನೆಯ ಮನೆಗೆ ಬರುವಷ್ಟರಲ್ಲಿ ಅವನು ಕ್ಯಾನು ಅಲ್ಲೇ ಬಿಟ್ಟು ಓಡಿದ. ಮೂರನೆಯ ದಿನದಿಂದ ಓಣಿಗೆ ಕೆನೆಗಟ್ಟುವ ಹಾಲು ಬರತೊಡಗಿತು.

ಗುರುಪಾದಪ್ಪನವರು ಮನೆ ಮನೆ ಹತ್ತಿ ಇಳಿದರು. ತಮ್ಮ ಮುಪ್ಪು ತಮಗೆ ವಾಪಸು ಬೇಕು, ಪ್ರಯೋಗಾಲಯಕ್ಕೆ ಬಂದು ಹತ್ತು ನಿಮಿಷ ಕುಳಿತರೆ ಸಾಕು, ತೆಗೆದದ್ದನ್ನು ಖೋವಾಕ್ಕೆ ಇಳಿಸಿ ತಾನು ತಿನ್ನುತ್ತೇನೆ ಎಂದು ಎಲ್ಲರಿಗೂ ಬಿಡಿಸಿ ಹೇಳಿದರು. ಯಾರೂ ಸಿಟ್ಟಾಗಲಿಲ್ಲ, ಆದರೆ ಕೊಡಲು ಹೆಚ್ಚಿನವರು ಒಪ್ಪಲೂ ಇಲ್ಲ.

"ಕೊಟ್ಟು ಮತ್ತ ನೀರಹಾಲು ಕುಡೀಬೇಕೇನ್ರಿ?" ಎಂದು ಕೇಳಿದಳು ಮೊದಲ ಮನೆಯಾಕೆ.

ಹೈಸ್ಕೂಲು ಟೀಚರು ಕುಸುಮಾ ಕಮತಗಿ ಇಪ್ಪತ್ತಾರರ ಹುಡುಗಿ. ಅವಳ ಕ್ಲಾಸು ಯಾವತ್ತೂ ಸಂತೆಯಾಗಿರುತ್ತಿತ್ತು. "ಸರ್, ನಿಮ್ಮ ಕುಂದಾ ತಿಂದಾಗಿಂದ ನಾನು ಒಮ್ಮೆ ಕೆಮ್ಮಿದ್ರ ಸಾಕು, ಹುಡುಗ್ರು ಪುಸ್ತಕ ತಗೀತಾವು. ಪರೀಕ್ಷಾ ಮುಗಿಯೋತನಕಾದ್ರೂ ಇರಲಿ ಬಿಡ್ರಿ," ಅಂದಳು.

ಟೇಲರ್ ಮಾಬೂಸಾಬರು ಎರಡು ಬಟ್ಟಲು ತಿಂದಿದ್ದರು. ಅವರು ಕತ್ತರಿ ಕೆಳಗಿಟ್ಟು ನಿಧಾನಕ್ಕೆ ಹೇಳಿದರು: "ಗುರುಪಾದಣ್ಣಾ, ಆರು ತಿಂಗಳ ನನಗೇನು ಭಾರ? ನಿಮ್ಮದು ಒಬ್ಬರ ಮ್ಯಾಲ ಇತ್ತು, ಈಗ ಓಣಿ ಹೊತ್ತೈತಿ. ಇರಲಿ ಬಿಡ್ರಿ. ನೀವು ಆರಾಮ ಸೈಕಲ್ ಹೊಡೀರಿ."

"ಸೈಕಲ್ ಬ್ಯಾಡಾಗೈತಿ ಮಾಬೂಸಾಬ್. ಮನ್ಯಾಗ ಆಕಿ ಒಬ್ಬಾಕಿನ ಆಗ್ಯಾಳ." ಮಾಬೂಸಾಬರು ಟೇಪು ಕೊರಳಿಂದ ತೆಗೆದಿಟ್ಟು, ಚಪ್ಪಲಿ ಮೆಟ್ಟಿ ಅವರ ಜೊತೆ ಹೊರಟರು.

ನಾಲ್ಕು ದಿನ ತಿರುಗಿದ ಮೇಲೆ ಮೂವತ್ತೈದು ಮನೆಯವರು ಬಂದರು. ಸೀನು ತಾಳಲಾರದೆ ಬಂದವರು ಕೆಲವರು, ಮಾಬೂಸಾಬರ ಮಾತಿಗೆ ಬಂದವರು ಹಲವರು. ಪ್ರಯೋಗಾಲಯದ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಒದಿಲ್ ಅವರು ಒಬ್ಬೊಬ್ಬರನ್ನೇ ಕೂರಿಸಿ, ಹಿಡಿ ಖೋವಾ ಪಕ್ಕಕ್ಕಿಟ್ಟು ಸುತ್ತಿಗೆ ಓಡಿಸಿದರು. ಗುರುಪಾದಪ್ಪನವರು ಅದನ್ನೇ ಉಂಡೆ ಕಟ್ಟಿ ಪೇಢೆ ಮೇಲೆ ಪೇಢೆ ತಿಂದರು. ಮೂರು ತಿಂಗಳ ಪೇಢೆ, ಮತ್ತೊಂದು ಮೂರು ತಿಂಗಳ ಪೇಢೆ, ಮಾಬೂಸಾಬರ ಆರು ತಿಂಗಳ ಪೇಢೆ. ಕಿವಿಯ ಪಕ್ಕ ಕೂದಲು ಬೆಳ್ಳಗಾದವು, ಕನ್ನಡಕ ಮತ್ತೆ ಬೇಕಾಯಿತು. ಕೊನೆಗೆ ಒದಿಲ್ ಗುರುಪಾದಪ್ಪನವರ ಬೆನ್ನಿಗೆ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟರು.

"ಒಂಬತ್ತು ಸಂವತ್ಸರಗಳು ಮರಳಿವೆ. ಈಗ ತಮಗೆ ಐವತ್ತೊಂದು. ಇನ್ನು ಬರುವವರು ಯಾರೂ ಇಲ್ಲ, ಮಾನ್ಯರೇ."

ಐವತ್ತೊಂದು. ಮನೆಯಲ್ಲಿ ಅರವತ್ತೊಂಬತ್ತು. ಮಗ ಅನ್ನಿಸಿಕೊಳ್ಳುವುದು ತಪ್ಪಬಹುದು, ತಮ್ಮ ಅನ್ನಿಸಿಕೊಳ್ಳುವುದು ತಪ್ಪುವುದಿಲ್ಲ. ಗುರುಪಾದಪ್ಪನವರು ಖಾಲಿ ಜಮಖಾನೆಯ ಅಂಚಿಗೆ ಕುಳಿತು ತಲೆ ತಗ್ಗಿಸಿದರು. ಮೂವತ್ತೈದು ಪೇಢೆ ತಿಂದ ಹೊಟ್ಟೆ ಬೇರೆ ಭಾರವಾಗಿತ್ತು.

ಗೇಟಿನ ಹತ್ತಿರ ರಿಕ್ಷಾ ನಿಂತಿತು. ನೀಲವ್ವ ಇಳಿದು, ಸೆರಗು ಸರಿಮಾಡಿಕೊಂಡು, ನೇರ ಯಂತ್ರದ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕುಳಿತರು.

"ಅಮ್ಮನವರೇ, ತಾವು ಯೌವನವನ್ನು ಅಪೇಕ್ಷಿಸುವುದಿಲ್ಲವೆಂದು ಕೇಳಿದ್ದೆ," ಅಂದರು ಒದಿಲ್.

"ಯೌವನ ಯಾರಿಗೆ ಬೇಕ್ರಿ ಬಾಯಾರ? ಒಂಬತ್ತು ತಗೀರಿ ಸಾಕು. ಅರವತ್ತಕ್ಕ ನಿಲ್ಲಿಸ್ರಿ, ಅದರ ಕೆಳಗ ಹೋಗಬ್ಯಾಡ್ರಿ. ತಗದಿದ್ದು ಅವರಿಗೆ ಕೊಡ್ರಿ, ಅವರೂ ಅರವತ್ತ ಆಗ್ಲಿ."

ಗುರುಪಾದಪ್ಪನವರು ಬಾಗಿಲಿಗೆ ಬಂದು ನಿಂತಿದ್ದರು. "ನೀ ಒಲ್ಲೆ ಅಂದಿದ್ದಿ."

"ಅಂದಿದ್ದೆ. ಮುದುಕ ಆಗಾಕ ಒಂದ್ ಮನಿ ಬಿಡದ ಬೇಡಿಕೊಂಡು ತಿರಿಗ್ಯಾರ ಅಂತ ಕುಸುಮಾ ಬಂದು ಹೇಳಿದ್ಲು. ನನ್ನ ಸಲುವಾಗಿ ನೀವು ಇಷ್ಟು ವರ್ಷದಾಗ ಯಾರ ಮುಂದೂ ಕೈ ಒಡ್ಡಿದವರಲ್ಲ. ಕೇಳಿ ಮನಸು ತಡೀಲಿಲ್ಲ." ಅವರ ಕಣ್ಣಲ್ಲಿ ನೀರಿತ್ತು, ಅದನ್ನು ಅವರು ಮುಚ್ಚಿಕೊಳ್ಳಲೂ ಇಲ್ಲ.

ಸುತ್ತಿಗೆಗಳು ಮೆತ್ತಗೆ ಬಡಿದವು. ಒಂಬತ್ತು ವರ್ಷ ಒಂದು ಹಿಡಿ ಖೋವಾದೊಳಗೆ ಇಳಿಯಿತು. ಗುರುಪಾದಪ್ಪನವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕೆಳಗೆ ಒಂದು ಚೂರೂ ಬೀಳದಂತೆ ತಿಂದರು. ಆಮೇಲೆ ಮೂವರೂ ಜೀರ್ಣವಾಗುವುದನ್ನು ಕಾಯುತ್ತಾ ಕುಳಿತರು.

ಮೊದಲು ಒಂದು ವಿಚಿತ್ರ ನಡೆಯಿತು. ಗುರುಪಾದಪ್ಪನವರು ಇದ್ದಕ್ಕಿದ್ದಂತೆ ಒದಿಲ್ ಅವರತ್ತ ತಿರುಗಿ, "ನಿಮ್ಮ ಊಟ ಆತೇನ್ರಿ?" ಎಂದು ಕೇಳಿದರು. ಎಪ್ಪತ್ತಮೂರು ವರ್ಷದಲ್ಲಿ ಅವರು ಈ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಕೇಳಿದ ಮೇಲೆ ತಮ್ಮ ಬಾಯಿಂದ ಬಂದದ್ದು ಏನು ಎಂದು ತಾವೇ ಬೆರಗಾದರು. ಬಂದವರನ್ನೆಲ್ಲ ಹಾಗೆ ಕೇಳುತ್ತಿದ್ದ ನೀಲವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

"ಅರವತ್ತು ಮತ್ತು ಅರವತ್ತು," ಎಂದು ಒದಿಲ್ ಇಬ್ಬರ ಬೆನ್ನಿಗೂ ಬಡಿದು ಘೋಷಿಸಿದರು.

"ಹಂಗಾರ ಮನಿಗೆ ನಡಿ," ಎಂದು ಗುರುಪಾದಪ್ಪನವರು ಎದ್ದರು. ಎದ್ದವರು ಹಾಗೇ ಕುರ್ಚಿಯ ಹಿಡಿಕೆ ಹಿಡಿದುಕೊಂಡು ನಿಂತರು. ಎಡ ಮೊಣಕಾಲಿನೊಳಗೆ ಯಾರೋ ದಬ್ಬಣ ತಿರುವಿದಂತಾಯಿತು. ತಮ್ಮ ಎಪ್ಪತ್ತಮೂರರಲ್ಲೂ ಅವರು ಅಂಥ ನೋವು ಕಂಡಿರಲಿಲ್ಲ. ಇತ್ತ ನೀಲವ್ವ ಒಂದೇ ಏಟಿಗೆ ಎದ್ದು ನಿಂತಿದ್ದರು, ಕೈಯೂರದೆ. ಅದು ಅವರಿಗೂ ಹೊಸದಾಗಿತ್ತು.

"ಇದು ನಿಂದೇನು?" ಎಂದು ಗುರುಪಾದಪ್ಪನವರು ಕಾಲು ತೋರಿಸಿ ಕೇಳಿದರು.

"ಹೌದ್ರಿ."

"ಎಷ್ಟು ವರ್ಷಾತು?"

"ಎಂಟು."

"ಇದನ್ನ ಇಟಗೊಂಡು ದಿನಾ ಮಾಳಗಿ ಹತ್ತಿ ನನ್ನ ಅಂಗಿ ಒಣಾ ಹಾಕ್ತಿದ್ದಿ?"

"ಮತ್ತ ಯಾರ್ ಹಾಕ್ತಿದ್ರು?"

"ಒಂದ್ ದಿನಾನೂ ಹೇಳಲಿಲ್ಲಲ್ಲ ನೀ."

"ನೀವು ಒಂದ್ ದಿನಾನೂ ಕೇಳಲಿಲ್ಲಲ್ರಿ," ಅಂದರು ನೀಲವ್ವ. ಮಾತಿನಲ್ಲಿ ಮೊನಚಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು.

ಗುರುಪಾದಪ್ಪನವರು ಮತ್ತೆ ಕುಳಿತರು. ಎಂಟು ವರ್ಷ ತಮ್ಮ ಎದುರಿಗೇ ಕುಳಿತು ಚಹಾ ಕುಡಿದವಳ ನೋವು ಈಗ ತಮ್ಮ ಕಾಲೊಳಗೆ ಬಂದು ಕುಳಿತ ಮೇಲೇ ಗೊತ್ತಾಯಿತಲ್ಲ ಎಂದು ಅವರಿಗೆ ಅಳು ಬಂತು. ಅತ್ತರು ಕೂಡ, ಫ್ರೆಂಚ್ ಹೆಂಗಸಿನ ಎದುರಿಗೇ. ಆಮೇಲೆ ಮೂಗು ಒರೆಸಿಕೊಂಡು, ಮೊಣಕಾಲು ನೀವಿಕೊಳ್ಳುತ್ತಾ ಕೇಳಿದರು:

"ಮತ್ತ ಏನೇನ್ ಐತಿ ನಿಂದು, ನನಗ ಗೊತ್ತಿಲ್ಲದ್ದು?"

ನೀಲವ್ವ ಅವರ ರಟ್ಟೆಗೆ ಕೈ ಕೊಟ್ಟು ಎಬ್ಬಿಸಿದರು. "ನಡೀರಿ. ದಾರ್ಯಾಗ ಹೇಳ್ತೀನಿ."

ರಿಕ್ಷಾ ಬೇಡ ಎಂದು ಇಬ್ಬರೂ ನಡೆದೇ ಹೊರಟರು. ಮರ ಬಂದಲ್ಲಿ, ಕಟ್ಟೆ ಬಂದಲ್ಲಿ ಗುರುಪಾದಪ್ಪನವರು ಕುಳಿತು ಸುಧಾರಿಸಿಕೊಳ್ಳಬೇಕಾಯಿತು, ನೀಲವ್ವ ಪಕ್ಕದಲ್ಲಿ ನಿಂತು ಹೇಳುತ್ತಾ ಹೋದರು. ಲಗ್ನವಾದ ದಿನದಿಂದ ಸುರುಮಾಡಿದ್ದರು. ಹೂಗಾರ ಓಣಿ ಮುಟ್ಟುವ ಹೊತ್ತಿಗೆ ಅವರು ಇನ್ನೂ ಎರಡನೆಯ ವರ್ಷದಲ್ಲೇ ಇದ್ದರು.